ಕಾರಣ: ವಿವಾಹ

ಹತ್ತೊಂಬತ್ತು ವರ್ಷ ನಾಲ್ಕು ತಿಂಗಳ ಸೇವೆಯ ಹಣ ಕಾಜಕ್ಕನಿಗೆ ಇವತ್ತಿನವರೆಗೂ ಬಂದಿಲ್ಲ. ಕೊನೆಯ ಹನ್ನೊಂದು ದಿನದ ಕೂಲಿಯೂ ಬಂದಿಲ್ಲ. ಕೊಡಬೇಕಾದ ಅಂಗಿ ಕಾರ್ಖಾನೆ ಹೇಳುವುದು ಒಂದೇ ಮಾತು: ಆಕೆ ಮದುವೆ ಮಾಡಿಕೊಂಡು ತಾನಾಗಿಯೇ ಕೆಲಸ ಬಿಟ್ಟಳು.

ಕಾಜಕ್ಕನಿಗೆ ಈಗ ನಲವತ್ತೇಳು. ಮದುವೆಯಾಗಿಲ್ಲ, ಆಗುವ ಆಲೋಚನೆಯೂ ಇಲ್ಲ. ಮೂವತ್ತರಲ್ಲಿ ಒಮ್ಮೆ ಸಂಬಂಧ ಕೇಳಿಕೊಂಡು ಬಂದವನು ಅವಳ ಬೆರಳು ನೋಡಿ "ಇದೇನು, ಇಷ್ಟು ಒರಟು?" ಎಂದನಂತೆ. "ಕೆನ್ನೆಗೆ ಬಿದ್ದಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ" ಎಂದು ಚಹಾದ ಲೋಟ ವಾಪಸ್ ಇಸಕೊಂಡು ಕಳಿಸಿದವಳು ಇವಳು. ಅದಾದ ಮೇಲೆ ಆ ಮಾತು ಮನೆಯಲ್ಲಿ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಕಾಜಾ ಎಂದರೆ ಅಂಗಿಯಲ್ಲಿ ಗುಂಡಿ ತೂರುವ ತೂತು. ಎದೆಗೆ ಆರು, ಕೊರಳಿಗೆ ಒಂದು, ತೋಳಿನ ಪಟ್ಟಿಗಳಿಗೆ ಎರಡು. ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಾಜಾ ಬೀಳುವುದಿಲ್ಲ. ಆದರೆ ಕಾಜಾ ನಾಲ್ಕು ಎಳೆ ಆಚೀಚೆಯಾದರೆ ಎಂಥ ದುಬಾರಿ ಅಂಗಿಯೂ ಹೊಟ್ಟೆಯ ಹತ್ತಿರ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ದಿನಕ್ಕೆ ಸಾವಿರದ ಇನ್ನೂರು ಕಾಜಾ ಅವಳ ಮಷಿನ್ನಿನ ಕೆಳಗೆ ಹಾದುಹೋಗುತ್ತಿದ್ದವು. ಅವಳಿಗೆ ಆ ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ತನಗೆ ಇನ್ನೊಂದು ಹೆಸರಿದೆ ಎಂಬುದು ಅವಳಿಗೆ ನೆನಪಾಗುತ್ತಿದ್ದದ್ದು ಸಂಬಳದ ಚೀಟಿ ಕೈಗೆ ಬಂದ ದಿನ ಮಾತ್ರ.

ಆ ಕಾರ್ಖಾನೆಯ ಆಫೀಸಿನಲ್ಲಿ ಹಸಿರು ರಟ್ಟಿನ ಒಂದು ರಿಜಿಸ್ಟರು ಇತ್ತು, ಕೆಲಸ ಬಿಟ್ಟವರದು. ಹೆಸರು, ವಿಭಾಗ, ತಾರೀಕು, ಕಾರಣ. ಆಮೇಲೆ ಬೇರೆಲ್ಲೂ ಕಾಣದ ಎರಡು ಖಾನೆ: ವರನ ಹೆಸರು, ಕೊರಳಿನ ಅಳತೆ. ಕಡೆಯಲ್ಲಿ ಸಹಿ. ಇದರ ಹಿಂದೆ ಒಂದು ಕಥೆಯಿದೆ. ಹಳೆಯ ಯಜಮಾನನ ಕಾಲದಲ್ಲಿ ಕಾರ್ಖಾನೆಯ ಹುಡುಗಿಗೆ ಮದುವೆ ಗೊತ್ತಾದರೆ ಒಂದು ತಿಂಗಳ ಕೂಲಿ ಹೆಚ್ಚಿಗೆ ಕೊಡುತ್ತಿದ್ದರು, ವರನಿಗೆ ಒಂದು ಅಂಗಿಯನ್ನೂ ಕೊಡುತ್ತಿದ್ದರು. ಆ ಅಂಗಿಯನ್ನು ಹುಡುಗಿಯ ಸಾಲಿನವರೇ ಹೊಲಿಯಬೇಕು. ಅದಕ್ಕೇ ಅವನ ಹೆಸರು, ಅವನ ಕೊರಳು. ಕಾಜಕ್ಕ ಸೇರಿದ ಹೊಸತರಲ್ಲಿ ಅಂಥ ಮೂರು ಅಂಗಿಗೆ ಕಾಜಾ ಹಾಕಿದ್ದಾಳೆ, ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು, "ಕೊರಳು ಹದಿನಾಲ್ಕಂತೆ ಕಣೇ, ಕೋಳಿ ಕತ್ತು!" ಎಂದು ನಗುತ್ತಾ ಹೊಲಿಯುತ್ತಿದ್ದರು. ಹಾಗಂತ ಹಳೆಯ ಯಜಮಾನ ದೇವರಂಥವನು ಎಂದು ಯಾರೂ ತಿಳಿಯಬೇಕಾಗಿಲ್ಲ. ಮದುವೆಯಾದವಳು ನಾಳೆ ಬಸುರಿಯಾಗುತ್ತಾಳೆ, ಬಸುರಿಗೆ ರಜೆ ಕೊಡಬೇಕಾಗುತ್ತದೆ, ಅದಕ್ಕಿಂತ ಒಂದು ಅಂಗಿ ಕೊಟ್ಟು ಸಾಗಹಾಕುವುದು ಅಗ್ಗ. ಈ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಮಗ ಬಂದ ಮೇಲೆ ಅಂಗಿ ನಿಂತಿತು, ಹೆಚ್ಚಿನ ಕೂಲಿ ನಿಂತಿತು. ಉಳಿದದ್ದು ಕಾರಣದ ಖಾನೆಯ ಆ ಪದ, ವಿವಾಹ. ಕಂಪನಿಯೇ ಆಳನ್ನು ತೆಗೆದರೆ ಸೇವೆಯ ಹಣ, ಅಂದರೆ ದುಡಿದ ವರ್ಷಕ್ಕೆ ಇಷ್ಟೆಂದು ಪರಿಹಾರ, ಕೊಡಬೇಕು. ಆಳು ತಾನಾಗಿ ಬಿಟ್ಟರೆ ಕೊಡಬೇಕಾಗಿಲ್ಲ. 'ತಾನಾಗಿ' ಎನ್ನುವುದಕ್ಕೆ ಮದುವೆಗಿಂತ ಒಳ್ಳೆಯ ನೆಪ ಎಲ್ಲಿ ಸಿಗಬೇಕು? ಸೂಜಿ ಬೆರಳಿನೊಳಗೆ ಮುರಿದವಳಿಗೆ ವಿವಾಹ. ಕಣ್ಣು ಮಂಜಾದವಳಿಗೆ ವಿವಾಹ. ಸೂಪರ್‌ವೈಸರನ ಕೈಯನ್ನು ಸೊಂಟದ ಮೇಲಿಂದ ತಟ್ಟಿ ತೆಗೆದವಳಿಗೆ ಅದೇ ವಾರ ವಿವಾಹ. ಸಹಿ ಹಾಕಿದರೆ ಆ ತಿಂಗಳ ಕೂಲಿ ಅಲ್ಲೇ ಕೈಗೆ ಬರುತ್ತಿತ್ತು, ಜೊತೆಗೆ ಬೇರೆ ಕಾರ್ಖಾನೆಗೆ ತೋರಿಸಲು ಒಳ್ಳೆಯ ನಡತೆಯ ಚೀಟಿ. ಹಾಕದಿದ್ದರೆ ಎರಡೂ ಇಲ್ಲ. ಎಲ್ಲರೂ ಹಾಕಿದರು. ಹೀಗಾಗಿ "ಕಾಲರ್ ಸಾಲಿನಲ್ಲಿ ಇಬ್ಬರಿಗೆ ವಿವಾಹವಂತೆ" ಎಂದು ಯಾರಾದರೂ ಪಿಸುಗುಟ್ಟಿದರೆ ಆ ಕಾರ್ಖಾನೆಯಲ್ಲಿ ಯಾರೂ ಒಳ್ಳೆಯದಾಗಲಿ ಎನ್ನುತ್ತಿರಲಿಲ್ಲ. ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿ ಎದ್ದುಹೋಗುತ್ತಿದ್ದರು.

ಆ ವರ್ಷ ಮೂರು ಹೊಸ ಕಾಜಾ ಮಷಿನ್ ಬಂದವು. ತಾವೇ ಅಳೆದು, ತಾವೇ ಹೊಲಿದು, ತಾವೇ ಕತ್ತರಿಸುವಂಥವು. ಹಳೆಯ ಸಾಲಿನಲ್ಲಿ ಹನ್ನೆರಡು ಹೆಂಗಸರಿದ್ದರು. ಮಷಿನ್ನಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದ ದಿನವೇ ಸುದ್ದಿ ಬಂತು: ನಾಳೆ ಹನ್ನೆರಡೂ ಜನಕ್ಕೆ ವಿವಾಹ.

ಕಾಜಕ್ಕ ಅಕ್ಕಭಾವನ ಜೊತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಬಾಡಿಗೆಯ ಅರ್ಧ ಅವಳದು. ಅಕ್ಕನ ಉಬ್ಬಸದ ಔಷಧಿ ಪೂರ್ತಿ ಅವಳದು. ಭಾವ ಶಾಲೆಯ ಮೇಷ್ಟ್ರು, ಬೀದಿಯಲ್ಲಿ ನಾಯಿ ಅಡ್ಡ ಮಲಗಿದ್ದರೆ ದಾರಿ ಬದಲಿಸುವ ಮನುಷ್ಯ. ಆದರೆ ಯಾವುದಾದರೂ ಪದಕ್ಕೆ ಅರ್ಥ ಕೇಳಿದರೆ ಮಾತ್ರ ಮುಖ ಅರಳುತ್ತಿತ್ತು. ಸಂಜೆ ಅವರು ಮಕ್ಕಳ ಕಾಪಿ ತಿದ್ದುತ್ತಾ ಕೂತಿದ್ದಾಗ ಇವಳು ಎದುರಿಗೆ ಕೂತಳು.

"ಭಾವ, ವಿವಾಹ ಅಂದ್ರೆ ಏನರ್ಥ?"

ಒಳಗಿನಿಂದ ಅಕ್ಕ ಕೂಗಿದಳು: "ಈಗ ಕೇಳ್ತಿದಾಳೆ ನೋಡಿ! ಇಪ್ಪತ್ತು ವರ್ಷದ ಹಿಂದೆ ಕೇಳಿದ್ರೆ ನಾನೇ ಹೇಳ್ತಿದ್ದೆ."

"ನಿನ್ನ ಕೇಳಿದ್ರೆ ಅರ್ಥ ಹೇಳಲ್ಲ, ಅಳ್ತೀಯ. ನೀವು ಹೇಳಿ ಭಾವ."

ಭಾವ ಕೆಂಪು ಪೆನ್ನು ಮುಚ್ಚಿಟ್ಟರು. "ನೋಡಮ್ಮ, ಮದುವೆ ಅನ್ನೋದು ನಮ್ಮ ಮನೆ ಮಾತು. ವಿವಾಹ ಸಂಸ್ಕೃತದ್ದು. 'ವಹ' ಅಂದ್ರೆ ಹೊರೋದು, ಸಾಗಿಸೋದು. ವಾಹನ ಅಂತೀವಲ್ಲ, ಅದೇ ಮೂಲ. ಹೆಣ್ಣನ್ನ ಅವಳ ಮನೆಯಿಂದ ತನ್ನ ಮನೆಗೆ ಕರ್ಕೊಂಡು ಹೋಗೋದು, ಒಯ್ಯೋದು. ಅಲ್ಲಿಂದ ಬಂದದ್ದು ವಿವಾಹ."

"ಸಾಮಾನು ಸಾಗಿಸಿದ ಹಾಗೆ."

"ಹಾಗಲ್ಲಮ್ಮಾ… ಸರಿ, ಹಾಗೇ ಅನ್ಕೋ. ಇನ್ನೊಂದಿದೆ, ಲಗ್ನ. ಅಂದ್ರೆ ಅಂಟಿಕೊಂಡದ್ದು, ಸೇರಿಕೊಂಡದ್ದು."

"ಹತ್ತೊಂಬತ್ತು ವರ್ಷ ಮಷಿನ್ನಿಗೆ ಅಂಟ್ಕೊಂಡಿದೀನಲ್ಲ, ಅದನ್ನ ಯಾವ ಖಾನೇಲಿ ಬರೀತಾರೆ?" ಎಂದಳು ಕಾಜಕ್ಕ. ಆಮೇಲೆ ಕೇಳಿದಳು: "ಹೊರೋದು ಅಂದಮೇಲೆ ಹೊರೋನು ಒಬ್ಬ ಇರಲೇಬೇಕು, ಅಲ್ವಾ?"

"ಇರದೆ ಹೇಗೆ? ಅವನಿಲ್ಲದೆ ಪದಕ್ಕೆ ಅರ್ಥವೇ ಇಲ್ಲ." ಆಗ ಭಾವನಿಗೆ ಏನೋ ಹೊಳೆದು ಮುಖ ಬಿಳಿಚಿಕೊಂಡಿತು. "ಯಾಕಮ್ಮ? ಫ್ಯಾಕ್ಟರೀಲಿ ಏನಾದ್ರೂ ಎಡವಟ್ಟು ಮಾಡ್ಕೋಬೇಡ. ಸಹಿ ಕೇಳಿದ್ರೆ ಹಾಕಿಬಿಡು. ಒಳ್ಳೆ ನಡತೆ ಚೀಟಿ ಆದ್ರೂ ಸಿಗುತ್ತೆ."

ಅವಳು ಎದ್ದು ಅಕ್ಕನ ಔಷಧಿ ಕೊಡಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಒಬ್ಬೊಬ್ಬರನ್ನಾಗಿ ಆಫೀಸಿಗೆ ಕರೆಯಲು ಶುರುಮಾಡಿದರು. ಒಟ್ಟಿಗೆ ಕರೆದರೆ ಹೆಂಗಸರಿಗೆ ಬಾಯಿ ಬರುತ್ತದೆ ಎಂದು ಮ್ಯಾನೇಜರನಿಗೆ ಗೊತ್ತಿತ್ತು. ಮೊದಲ ಮೂವರು ಹೋದರು, ಸಹಿ ಹಾಕಿದರು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಬಂದರು. ನಾಲ್ಕನೆಯವಳು ಕಾಜಕ್ಕ.

ಸಣ್ಣ ಕೋಣೆ. ಗಾಜಿನ ಕಿಟಕಿಯಾಚೆ ಮಷಿನ್ನುಗಳ ಸಾಲು. ಮೇಜಿನ ಈ ಬದಿ ಮ್ಯಾನೇಜರ್, ಕಿವಿಗೆ ಫೋನು. ಹನ್ನೆರಡಕ್ಕೆ ಅಂಗಿ ಕೊಳ್ಳುವ ಕಂಪನಿಯವರು ಬರುವವರಿದ್ದರು, ಅವರು ದಾರಿ ಕೇಳುತ್ತಿದ್ದರು. ಆ ಬದಿ ಗುಮಾಸ್ತ, ಅವನ ಮುಂದೆ ಹಸಿರು ರಿಜಿಸ್ಟರು, ಅದರ ಪಕ್ಕ ಕಟಿಂಗ್ ವಿಭಾಗದ ಹಾಜರಿ ಹಾಳೆ. ಹಿಂದಿನಿಂದ ವಾಚ್‌ಮನ್ ಬಾಗಿಲು ಎಳೆದುಕೊಂಡ. ಒಳಗಿನಿಂದ ಚಿಲಕ ಹಾಕಿ ಅಲ್ಲೇ ನಿಂತ.

"ಕೂತ್ಕೋ," ಎಂದ ಮ್ಯಾನೇಜರ್, ಫೋನಿನ ಮೇಲೆ ಕೈ ಮುಚ್ಚಿ.

"ಕೂತು ಕೂತೇ ಸೊಂಟ ಹೋಗಿದೆ ಸಾರ್. ನಿಂತಿರ್ತೀನಿ."

"ಇಲ್ಲೊಂದು ಸಹಿ ಹಾಕಿ ಹೋಗು."

"ಓದಿ ಹಾಕ್ತೀನಿ."

"ಓದೋಕೇನಿದೆ ಅದರಲ್ಲಿ? ಮೂವರು ಹಾಕಿದಾರಲ್ಲ."

"ಅವರ ಕಣ್ಣಲ್ಲಿ ನೀರಿತ್ತು, ಅಕ್ಷರ ಕಂಡಿರಲ್ಲ. ನನಗೆ ಕಾಣ್ತಿದೆ."

ಓದಿದಳು. ಹನ್ನೆರಡೂ ಹೆಸರಿನ ಮುಂದೆ ಒಂದೇ ತಾರೀಕು, ಹೋದ ತಿಂಗಳ ಇಪ್ಪತ್ತೆಂಟು. ಒಂದೇ ಕಾರಣ, ವಿವಾಹ. ಅದರ ಪಕ್ಕದ ಖಾನೆಗಳು ಖಾಲಿ. ಅವಳ ತಲೆಯಲ್ಲಿ ದೊಡ್ಡ ಉಪಾಯವೇನೂ ಇರಲಿಲ್ಲ. ಹನ್ನೆರಡು ಗಂಟೆಯವರೆಗೆ ಹೇಗಾದರೂ ಎಳೆದರೆ ಹೊರಗಿನವರು ಬರುತ್ತಾರೆ, ಹೊರಗಿನವರ ಎದುರು ಇವರು ಕೂಗಾಡುವುದಿಲ್ಲ ಎಂಬುದಷ್ಟೇ ಅವಳ ಲೆಕ್ಕ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಕಾಲು.

"ಇದು ಖಾಲಿ ಇದೆಯಲ್ಲ ಸಾರ್. ವರನ ಹೆಸರು. ತುಂಬಿಸಿ, ಹಾಕ್ತೀನಿ."

"ಅದು ಹಳೇ ಕಾಲದ ಖಾನೆ, ಬಿಡು."

"ಖಾಲಿ ಕಾಗದಕ್ಕೆ ಸಹಿ ಹಾಕಬಾರದು ಅಂತ ನಮ್ಮ ಭಾವ ಹೇಳಿದಾರೆ. ನನ್ನ ಹೊತ್ಕೊಂಡು ಹೋದೋನು ಯಾರು ಅಂತ ಬರೀರಿ, ಮುಗೀತು."

ಫೋನಿನಲ್ಲಿ ಆ ಕಡೆಯವರು ಏನೋ ಕೇಳುತ್ತಿದ್ದರು. ಗುಮಾಸ್ತ ಪೆನ್ನು ಹಿಡಿದು ಪಿಳಿಪಿಳಿ ನೋಡಿದ. "ಯಾರ ಹೆಸರು ಹಾಕ್ಲಿ ಸಾರ್?"

"ಯಾವುದಾದ್ರೂ ಹಾಕಯ್ಯಾ! ಗಂಡಸರ ಹೆಸರಿಗೆ ಬರವಾ? ಎಲ್ಲರಿಗೂ ತುಂಬಿಸಿಬಿಡು, ಆಮೇಲೆ ಇನ್ನೊಬ್ಬಳು ಇದೇ ರಾಗ ತೆಗೀತಾಳೆ."

ಆ ಗುಮಾಸ್ತ ಮೂವತ್ತು ವರ್ಷದಿಂದ ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ನೋಡಿ ಬರೆದವನು. ಯೋಚಿಸಿ ಬರೆಯುವುದು ಅವನ ಸಂಬಳದಲ್ಲಿ ಸೇರಿರಲಿಲ್ಲ. ಪಕ್ಕದಲ್ಲಿ ಹಾಜರಿ ಹಾಳೆಯಿತ್ತು, ಅದರಲ್ಲಿ ಸರಿಯಾಗಿ ಹನ್ನೆರಡು ಗಂಡಸರ ಹೆಸರಿದ್ದವು. ಮೇಲಿಂದ ಕೆಳಗೆ ಹನ್ನೆರಡನ್ನೂ ದುಂಡು ಅಕ್ಷರದಲ್ಲಿ ಇಳಿಸಿದ. ಅಳತೆಯ ಖಾನೆಯಲ್ಲಿ ಎಲ್ಲರಿಗೂ ಹದಿನೈದೂವರೆ ಎಂದು ಹಾಕಿ, ಶಾಯಿ ಒಣಗಲೆಂದು ಊದಿದ.

ಕಾಜಕ್ಕ ತನ್ನ ಸಾಲಿನ ಮೇಲೆ ಬೆರಳಿಟ್ಟಳು. ಅವಳ ವರ, ಕಟಿಂಗ್ ಮೇಸ್ತ್ರಿ. ಐವತ್ತೆಂಟು ವರ್ಷ, ಕಟ್ಟಿಸಿದ ಹಲ್ಲು, ನಾಲ್ಕು ಮಕ್ಕಳ ತಂದೆ. ಪೆನ್ನು ತೆಗೆದುಕೊಳ್ಳುವ ಬದಲು ಅವಳು ರಿಜಿಸ್ಟರನ್ನೇ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಏಯ್, ಏನಿದು?"

"ಅವರನ್ನೂ ಒಂದು ಮಾತು ಕೇಳಿ ಬರ್ತೀನಿ ಸಾರ್. ಗಂಡಿನ ಒಪ್ಪಿಗೆ ಇಲ್ಲದೆ ಯಾವೂರ ಮದುವೆ ಇದು?"

ಫೋನಿನ ಆ ಕಡೆ ಕೊಳ್ಳುವವರು, ಈ ಕಡೆ ರಿಜಿಸ್ಟರು ಹಿಡಿದು ಹೊರಟ ಹೆಂಗಸು. ಮ್ಯಾನೇಜರ್ ಬಾಯಿ ಬಿಡಲಾಗದೆ ಕೈಯಲ್ಲೇ ಸನ್ನೆ ಮಾಡಿದ. ಅದು ಹಿಡಿ ಎಂದೋ ಬಿಡು ಎಂದೋ ವಾಚ್‌ಮನ್‌ಗೆ ತಿಳಿಯುವ ಹೊತ್ತಿಗೆ ಅವಳು ಚಿಲಕ ತೆಗೆದು ಹೊರಗಿದ್ದಳು.

ಆಫೀಸಿನಿಂದ ಕಟಿಂಗ್ ಕೋಣೆಗೆ ಮಷಿನ್ನುಗಳ ಮಧ್ಯೆ ಉದ್ದನೆಯ ಓಣಿ. ಅವಳು ಓಡಲಿಲ್ಲ, ಓಡಿದರೆ ಕಳ್ಳಿ ಎನ್ನುತ್ತಾರೆ. ಬೇಗ ಬೇಗ ನಡೆದಳು. ಹಿಂದೆ ಬೂಟಿನ ಸದ್ದು. ಕಾಲರ್ ಸಾಲಿನವರು ತಲೆ ಎತ್ತಿದರು, ತಗ್ಗಿಸಿದರು. ರಿಜಿಸ್ಟರಿನ ರಟ್ಟು ಬೆವರಿಗೆ ಜಾರುತ್ತಿತ್ತು.

ಕಟಿಂಗ್ ಕೋಣೆಯ ಬಾಗಿಲಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿದೆ. ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿ, ನಿಂತ ಕತ್ತಿಯ ಮಷಿನ್ನನ್ನು ಗುರುತಿನ ಮೇಲೆ ನೂಕಿ ಕತ್ತರಿಸುತ್ತಾರೆ. ಕತ್ತಿ ಬಟ್ಟೆಯೊಳಗೆ ಇರುವಷ್ಟು ಹೊತ್ತು ಗೆರೆ ದಾಟುವಂತಿಲ್ಲ, ಕತ್ತರಿಸುವವನನ್ನು ಕರೆಯುವಂತಿಲ್ಲ. ಹಿಂದೊಮ್ಮೆ ಒಬ್ಬ ಸೂಪರ್‌ವೈಸರ್ ಕರೆದ. ತಿರುಗಿ ನೋಡಿದವನ ಎರಡು ಬೆರಳು ಹೋದವು. ಅಂದಿನಿಂದ ಯಜಮಾನನೇ ಬಂದರೂ ಗೆರೆಯ ಹೊರಗೆ ಕಾಯುತ್ತಾನೆ.

ಮೇಸ್ತ್ರಿ ತೋಳಿನ ಬಾಗು ಕತ್ತರಿಸುತ್ತಿದ್ದ. ಕತ್ತಿ ಆಗತಾನೇ ಒಳಹೊಕ್ಕಿತ್ತು. ಕಾಜಕ್ಕ ಗೆರೆಯ ಮೇಲೆ ನಿಂತಳು. ವಾಚ್‌ಮನ್ ಬಂದು ಅವಳ ಪಕ್ಕ ನಿಂತ. ಫೋನು ಮುಗಿಸಿ ಮ್ಯಾನೇಜರ್ ದಾಪುಗಾಲು ಹಾಕಿ ಬಂದ, ಅವನೂ ನಿಂತ. ಮೂವರೂ ಸಾಲಾಗಿ, ಉಸಿರು ಬಿಗಿಹಿಡಿದು.

"ಕೊಡು ಇಲ್ಲಿ," ಮ್ಯಾನೇಜರ್ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅವಳು ರಿಜಿಸ್ಟರನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು. "ಎಳೀರಿ. ಸದ್ದಾದ್ರೆ ಅವರ ಬೆರಳು ನಿಮ್ಮ ತಲೆ ಮೇಲೆ."

ಮಷಿನ್ನಿನ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಕತ್ತಿ ಬಾಗಿನ ಮೇಲೇರಿತು, ನೆತ್ತಿ ತಿರುಗಿತು, ನಿಧಾನವಾಗಿ ಇಳಿಯಿತು. ಎರಡು ನಿಮಿಷವೋ ಮೂರೋ. ಮೇಸ್ತ್ರಿ ಕತ್ತಿ ಹೊರತೆಗೆದು, ಸ್ವಿಚ್ ಆರಿಸಿ, ಉಕ್ಕಿನ ಕೈಗವಸು ಕಳಚಿ ತಿರುಗಿದ.

"ಮೇಸ್ತ್ರೀ," ಕಾಜಕ್ಕ ಕೋಣೆಗೆಲ್ಲ ಕೇಳುವಂತೆ ಹೇಳಿದಳು. "ಹೋದ ತಿಂಗಳು ಇಪ್ಪತ್ತೆಂಟಕ್ಕೆ ನನಗೂ ನಿಮಗೂ ಮದುವೆ ಆಯ್ತಂತೆ. ನಿಮಗೆ ಗೊತ್ತಿತ್ತಾ?"

ಕೋಣೆಯಲ್ಲಿದ್ದ ಗಂಡಸರೆಲ್ಲ ಗೊಳ್ಳೆಂದರು. ಮೇಸ್ತ್ರಿ ನಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಮುಷ್ಕರಕ್ಕೂ ಬಾರದ ಮನುಷ್ಯ. ಜೇಬಿನಿಂದ ಕನ್ನಡಕ ತೆಗೆದು, ರಿಜಿಸ್ಟರನ್ನು ಬಟ್ಟೆಯ ರಾಶಿಯ ಮೇಲಿಟ್ಟು ಓದಿದ.

"ಹದಿನೈದೂವರೆನಾ?" ಎಂದ. "ನಂದು ಹದಿನೇಳು. ಯಾವನು ಬರೆದದ್ದು?"

"ಅದು ಬಿಡಿ ಮೇಸ್ತ್ರೀ, ಹೆಸರು ನೋಡಿ!" ಎಂದಳು ಕಾಜಕ್ಕ.

"ನೋಡ್ದೆ. ನನ್ನ ಮನೆಯೋಳಿಗೆ ಗೊತ್ತಾದ್ರೆ ಇದೇ ಮಷಿನ್ನಿಗೆ ಕೊಡ್ತಾಳೆ ನನ್ನ."

ಉಳಿದವರು ಮುತ್ತಿಕೊಂಡರು. ಹತ್ತೊಂಬತ್ತರ ಒಬ್ಬನಿಗೆ ಐವತ್ತೆರಡರ ದೊಡ್ಡಮ್ಮನಂಥವಳು ಬಿದ್ದಿದ್ದಳು. "ಲೋ, ಕಾಲಿಗೆ ಬೀಳೋ ಹೆಂಡ್ತೀಗೆ!" ಎಂದು ಯಾರೋ ಅಂದರು. ಒಂಬತ್ತನೆಯ ಸಾಲಿಗೆ ಬೆರಳು ಬಂದಾಗ ನಗು ನಿಂತುಹೋಯಿತು. ಆ ಹೆಸರಿನವನು ಆರು ತಿಂಗಳ ಹಿಂದೆ ಇದೇ ಮೇಜಿನ ಪಕ್ಕ ಎದೆ ಹಿಡಿದುಕೊಂಡು ಕುಸಿದಿದ್ದ. ಹಾಜರಿಯಿಂದ ಅವನ ಹೆಸರನ್ನು ಯಾರೂ ತೆಗೆದಿರಲಿಲ್ಲ. ಗುಮಾಸ್ತ ಸತ್ತವನಿಗೂ ಮದುವೆ ಮಾಡಿದ್ದ.

ಮೇಸ್ತ್ರಿ ಕನ್ನಡಕ ತೆಗೆದ. "ಇವನಿಗೆ ಹೆಗಲು ಕೊಟ್ಟೋನು ನಾನು ಸಾರ್," ಎಂದ ಮ್ಯಾನೇಜರನಿಗೆ. ದನಿ ಏರಿಸಲಿಲ್ಲ. "ಇವನ ಹೆಸರನ್ನಾದ್ರೂ ಬಿಡಬೇಕಿತ್ತು." ಬಗ್ಗಿ, ಗೋಡೆಯಿಂದ ಪ್ಲಗ್ ಕಿತ್ತ.

ಹನ್ನೆರಡಕ್ಕೆ ಬಂದ ಕೊಳ್ಳುವವರಿಗೆ ಕರೆಂಟು ಹೋಗಿದೆ ಎಂದು ಮ್ಯಾನೇಜರ್ ಹೇಳಿದ. ತಲೆಯ ಮೇಲೆ ದೀಪಗಳೆಲ್ಲ ಉರಿಯುತ್ತಿದ್ದವು. ಅದೇ ಗದ್ದಲದಲ್ಲಿ ಕಾಜಕ್ಕ ಬಟ್ಟೆಯ ರಾಶಿಯ ಮೇಲಿಂದ ರಿಜಿಸ್ಟರು ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಟು, ಅದನ್ನು ಲೇಬರ್ ಆಫೀಸಿಗೆ ಕೊಟ್ಟು, ಕೊಟ್ಟದ್ದಕ್ಕೆ ರಶೀದಿ ಬರೆಸಿಕೊಂಡಳು.

ಕತ್ತರಿಸುವವರು ಕೈ ಕಟ್ಟಿ ಕೂತರೆ ಅಂಗಿ ಕಾರ್ಖಾನೆಯಲ್ಲಿ ಉಳಿದವರಿಗೆ ಹೊಲಿಯಲು ಏನೂ ಇರುವುದಿಲ್ಲ. ಎರಡನೇ ದಿನ ಕಾಲರ್ ಸಾಲು ಬರಿದಾಯಿತು, ಮೂರನೇ ದಿನ ತೋಳು. ಹೊಸ ಕಾಜಾ ಮಷಿನ್ನುಗಳು ಹೊದಿಕೆ ತೆಗೆಸಿಕೊಂಡು ಸುಮ್ಮನೆ ನಿಂತವು. ಐದನೇ ದಿನ ಯಜಮಾನನೇ ಗೇಟಿಗೆ ಬಂದ. ಗಂಡಸರ ಹೆಸರೆಲ್ಲ ಲೇಬರ್ ಆಫೀಸಿಗೆ ಬರೆದು ಹೊಡೆದುಹಾಕಿಸುತ್ತೇನೆ ಎಂದ. ಹನ್ನೊಂದು ಹೆಂಗಸರು ನಾಳೆಯಿಂದ ಕೆಲಸಕ್ಕೆ ಬರಲಿ, ಪ್ಯಾಕಿಂಗಿನಲ್ಲಿ ಜಾಗ ಕೊಡುತ್ತೇನೆ ಎಂದ. "ಆಫೀಸಿನ ರಿಜಿಸ್ಟರ್ ಹೊತ್ಕೊಂಡು ಹೋದೋಳು ಮಾತ್ರ ಬೇಡ. ಅವಳಿಗೆ ವಿವಾಹ ಆಗಿದೆ, ಹಾಗೇ ಇರಲಿ."

ಹನ್ನೊಂದು ಜನ ಕಾಜಕ್ಕನ ಕಡೆ ತಿರುಗಿದರು. ಒಬ್ಬಳಾದರೂ ಇಲ್ಲ ಎನ್ನಲಿ ಎಂದು ಅವಳು ಕಾದಳು. ಯಾರೂ ಅನ್ನಲಿಲ್ಲ.

"ನನ್ನ ಮುಖ ಯಾಕೆ ನೋಡ್ತೀರಿ? ಹೋಗಿ," ಎಂದಳು. "ನಿಮಗೂ ಹೊಟ್ಟೆ ಇದೆ."

ಮೇಸ್ತ್ರಿಯೂ ಹೋದ. ಹೋಗುವ ಮುಂಚೆ ಹತ್ತಿರ ಬಂದು "ತಪ್ಪು ತಿಳ್ಕೋಬೇಡಮ್ಮ" ಎಂದ. "ತಿಳ್ಕೊಂಡಿದೀನಿ, ಹೋಗಿ" ಎಂದಳು.

ವಾರದ ಮೇಲೆ ಕಂಪನಿಯ ಕಾಗದ ಬಂತು. ಸೇವೆಗೆ ವಂದನೆ, ದಾಂಪತ್ಯ ಸುಖವಾಗಿರಲಿ. ಅಕ್ಕ ಅದನ್ನು ಓದಿ ಮೊದಲ ಸಲ ಅಳದೆ ಬೈದಳು. ಭಾವ ಲೇಬರ್ ಆಫೀಸಿನ ಮೊದಲ ವಿಚಾರಣೆಗೆ ಶಾಲೆಗೆ ರಜೆ ಹಾಕಿ ಬಂದರು.

ಅಲ್ಲಿ ಕಂಪನಿಯ ವಕೀಲ ಹೀಗೆ ವಾದ ಮಾಡಿದ: ವರನ ಹೆಸರು ಬರೆಯುವಲ್ಲಿ ಗುಮಾಸ್ತ ತಪ್ಪಿದ್ದಾನೆ, ನಿಜ; ಆದರೆ ವಿವಾಹ ಸುಳ್ಳಲ್ಲ. ಸಹಿ ಯಾಕಿಲ್ಲವೆಂದರೆ, ಮದುಮಗಳಿಗೆ ಸಹಜವಾದ ನಾಚಿಕೆ.

"ನಾಚಿಕೆ!" ಎಂದಳು ನಲವತ್ತೇಳರ ಕಾಜಕ್ಕ. ಅಧಿಕಾರಿಯೂ ನಕ್ಕುಬಿಟ್ಟ. ಆಮೇಲೆ ಗಂಭೀರನಾಗಿ ಕೇಳಿದ: "ಆಗಿಲ್ಲ ಅನ್ನೋದಕ್ಕೆ ದಾಖಲೆ ಏನಿದೆಯಮ್ಮ?"

ಮದುವೆ ನೋಂದಣಿ ಕಚೇರಿಗೆ ಹೋಗಿ ಕೇಳಿದಳು. "ಆದವರಿಗೆ ಸರ್ಟಿಫಿಕೇಟ್ ಕೊಡ್ತೀವಿ. ಆಗದವರಿಗೆ ಏನಂತ ಬರ್ಕೊಡೋದು?" ಎಂದರು. ಎರಡನೇ ವಿಚಾರಣೆಯಲ್ಲಿ ಭಾವ ಎದ್ದು ನಿಂತರು. ನನ್ನ ನಾದಿನಿಗೆ ಮದುವೆಯಾಗಿಲ್ಲ, ಆಗಿದ್ದರೆ ನಮ್ಮ ಮನೆಯಲ್ಲೇ ಆಗಬೇಕಿತ್ತು ಎಂದರು. ಸಂಬಂಧಿಕರ ಮಾತು ನಡೆಯದು ಎಂದ ವಕೀಲ. ಕಾರ್ಖಾನೆಯವರು ಯಾರೂ ಬರಲಿಲ್ಲ; ಬಂದರೆ ನಾಳೆ ಅವರಿಗೂ ವಿವಾಹ. ಅಧಿಕಾರಿ ಕಡೆಯ ಅವಕಾಶ ಕೊಟ್ಟಿದ್ದಾನೆ: ಸಂಬಂಧಿಕರೂ ಅಲ್ಲದ, ಕಂಪನಿಯ ಆಳುಗಳೂ ಅಲ್ಲದ ಹೊರಗಿನ ಸಾಕ್ಷಿ ಬೇಕು. ಇಲ್ಲದಿದ್ದರೆ ರಿಜಿಸ್ಟರಿನಲ್ಲಿ ಇರುವುದೇ ನಿಜ.

ಹೊರಗಿನವರು ಎಂದರೆ ನೀವು. ಈ ತಿಂಗಳ ಇಪ್ಪತ್ತಮೂರು, ಬೆಳಿಗ್ಗೆ ಹನ್ನೊಂದು, ಲೇಬರ್ ಆಫೀಸಿನ ಎರಡನೇ ಮಹಡಿ. ಕಾಜಕ್ಕನ ಮದುವೆಗೆ ನಿಮ್ಮನ್ನು ಯಾರೂ ಕರೆದಿಲ್ಲ. ನೀವು ಅಲ್ಲಿ ಊಟ ಮಾಡಿಲ್ಲ. ಗಂಡಿನ ಮುಖ ನೀವು ಕಂಡಿಲ್ಲ. ಇಷ್ಟನ್ನು ಎದ್ದು ನಿಂತು ಹೇಳಿ ಕೆಳಗೆ ಸಹಿ ಹಾಕಲು ಎರಡು ನಿಮಿಷ ಸಾಕು. ಓದಿ ಅಯ್ಯೋ ಎಂದರೆ ಆ ರಿಜಿಸ್ಟರಿನಲ್ಲಿ ಒಂದು ಅಕ್ಷರವೂ ಅಳಿಸುವುದಿಲ್ಲ. ಬಂದು ಹೇಳಿ.